ಹುಣಸೆಹುಳಿ ಹಚ್ಚಿ ತೊಳೆದ ತೋಟೆಗಳು

ಆಯುಧಪೂಜೆ ಬಂತೆಂದರೆ ಸುಬ್ಬಾತಾಳ್ ಅಜ್ಜಿಯ ಕೈಯಿಂದ ತಪ್ಪಿಸಿಕೊಂಡ ವಸ್ತು ಆ ಮನೆಯಲ್ಲಿ ಒಂದೂ ಇರುವುದಿಲ್ಲ. ಗುದ್ದಲಿ, ಕುಡುಗೋಲು, ನೀರೆತ್ತುವ ಮೋಟರಿನ ಮುಚ್ಚಳ, ಮಗನ ಬೈಕು, ಸೊಸೆಯ ಹೊಲಿಗೆ ಯಂತ್ರ, ಎಲ್ಲದಕ್ಕೂ ಸ್ನಾನ. ಹಿತ್ತಾಳೆ ಕಂಡರಂತೂ ಕೇಳುವುದೇ ಬೇಡ. ಹುಣಸೆಹುಳಿ ಹಚ್ಚಿ, ತಿಕ್ಕಿ, ತನ್ನ ಮುಖ ಅದರಲ್ಲಿ ಕಾಣುವವರೆಗೂ ಅಜ್ಜಿ ಬಿಡುವವಳಲ್ಲ. ಈ ಸಲದ ಹಬ್ಬದಲ್ಲಿ ಅವಳ ಕೈಗೆ ಸಿಕ್ಕಿದ್ದು ಕೋವಿಯ ತೋಟೆಗಳು.

ತೋಟೆ ಎಂದರೆ ಕೋವಿಯೊಳಗೆ ತುಂಬುವ ಮದ್ದಿನ ಕೊಳವೆ. ಮೈಯೆಲ್ಲ ಕೆಂಪು ಪ್ಲಾಸ್ಟಿಕ್, ಬುಡಕ್ಕೆ ಹಿತ್ತಾಳೆಯ ಟೋಪಿ. ಒಳಗೆ ಮದ್ದು, ಮದ್ದಿನ ಮೇಲೊಂದು ಬೂಚು, ಬೂಚಿನ ಮೇಲೆ ಸಣ್ಣ ಸಣ್ಣ ಸೀಸದ ಗುಂಡು. ಅಜ್ಜಿಯ ಮಗ ಕರುಪ್ಪಸಾಮಿಯ ಹೊಲ ಇರುವುದು ಕೋಯಮತ್ತೂರಿನ ಪಶ್ಚಿಮಕ್ಕೆ, ಬೆಟ್ಟದ ಬುಡದಲ್ಲಿ. ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಕಾಡುಹಂದಿಗಳು ಇಳಿದು ಬರುತ್ತವೆ. ಸದ್ದು ಮಾಡಿ ಬೆದರಿಸುವುದಕ್ಕೆಂದು ಅವನ ಬಳಿ ಲೈಸೆನ್ಸ್ ಇರುವ ಒಂಟಿ ನಳಿಗೆಯ ಕೋವಿ ಇದೆ. ಅದೂ ಆಯುಧವೇ ತಾನೇ? ಹಾಗಾಗಿ ಅದಕ್ಕೂ ಪೂಜೆ ಆಗಲೇಬೇಕು.

ಹಬ್ಬದ ಮರುದಿನ ಬೆಳಿಗ್ಗೆ ಸೊಸೆ ಗೋಮತಿ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹುಳಿನೀರಿನ ಬೇಸಿನ್ನಿನ ತಳದಲ್ಲಿ ಕಪ್ಪು ಪುಡಿ ಕೂತಿತ್ತು.

“ಅತ್ತೆ, ಇದ್ರಲ್ಲಿ ಏನು ನೆನೆಹಾಕಿದ್ರಿ?”

“ತುಪ್ಪಾಕಿ ತೋಟೆ ಕಣಮ್ಮ. ಬುಡ ಎಲ್ಲ ಕಪ್ಪಾಗಿ ಕೂತಿತ್ತು. ಪುಳಿ ನೀರಲ್ಲಿ ಹಾಕಿ ಪೊಂಗಲ್ ಇಡೋಕೆ ಹೋದೆ. ನೆಂಟರು ಬಂದ್ರು, ಮಾತಲ್ಲಿ ಮರ್ತೇ ಹೋಯ್ತು. ಸಾಯಂಕಾಲ ತೆಗೆದು ಸೀರೆ ಸೆರಗಲ್ಲಿ ಒರೆಸಿದೆ. ಪಳಪಳಾಂತ ಹೊಳೀತಾ ಇದ್ವು, ನೀನು ನೋಡ್ಲಿಲ್ವಾ?”

ಗೋಮತಿ ನೋಡಿದ್ದಳು. ಚಾಮುಂಡಿಯ ಪಟದ ಮುಂದೆ, ಒಂದೊಂದು ತೋಟೆಯ ನೆತ್ತಿಗೂ ಕುಂಕುಮ ಇಟ್ಟು ಸಾಲಾಗಿ ನಿಲ್ಲಿಸಿದ್ದನ್ನು ಕಂಡು, ಎಷ್ಟು ಚೆಂದ ಎಂದುಕೊಂಡಿದ್ದಳು. ಮದ್ದಿಗೂ ನೀರಿಗೂ ಆಗಿಬರುವುದಿಲ್ಲ ಎನ್ನುವಷ್ಟು ಅವಳಿಗೂ ಗೊತ್ತು. ಆದರೆ ಆಗಿಬರದಿದ್ದರೆ ಏನಾಗುತ್ತದೆ? ಹಾರುವುದೇ ಇಲ್ಲವೋ, ಅಥವಾ ಎಲ್ಲೆಲ್ಲಿಗೋ ಹಾರುತ್ತದೋ? ಆ ಕೋವಿಯನ್ನು ಕೆನ್ನೆಗೆ ಆನಿಸಿಕೊಂಡು ನಿಲ್ಲುವವನು ಅವಳ ಗಂಡ.

“ಎಲ್ಲಾ ತೋಟೆನೂ ತೊಳೆದ್ರಾ ಅತ್ತೆ?”

ಅಜ್ಜಿ ಯೋಚಿಸಿದಳು. ಯೋಚಿಸಿದಷ್ಟೂ ಕಲಸಿಹೋಯಿತು. ಚೀಲದಲ್ಲಿದ್ದವನ್ನು ನೀರಿಗೆ ಹಾಕಿದ್ದಳು. ಡಬ್ಬಿಯಲ್ಲಿದ್ದವನ್ನು ಬರೀ ವಿಭೂತಿಯಿಂದ ತಿಕ್ಕಿದ್ದಳು. ಇಲ್ಲ, ಡಬ್ಬಿಯಲ್ಲಿದ್ದವುಗಳಲ್ಲೂ ಕೆಲವನ್ನು ನೀರಿಗೆ ಹಾಕಿದ್ದಿರಬೇಕು. ಪೂಜೆ ಮುಗಿದ ಮೇಲೆ ಕರುಪ್ಪಸಾಮಿ ಕುಂಕುಮ ಒರೆಸಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದಿದ್ದ. ಗೋಮತಿ ಡಬ್ಬಿ ತೆರೆದು ನೋಡಿದಳು. ಎಲ್ಲವೂ ಒಂದೇ ಸಮನೆ ಹೊಳೆಯುತ್ತಿದ್ದವು. ನೆನೆದದ್ದು ಯಾವುದು, ನೆನೆಯದ್ದು ಯಾವುದು, ದೇವರೇ ಬಂದು ಹೇಳಬೇಕಿತ್ತು.

ಗಂಡನಿಗೆ ಹೇಳಿದಳು. ಕರುಪ್ಪಸಾಮಿ ಕಾಫಿ ಕುಡಿಯುತ್ತಲೇ ನಕ್ಕ.

“ಒರೆಸಿದ ಮೇಲೆ ಇನ್ನೆಲ್ಲಿ ನೀರು? ಪ್ಲಾಸ್ಟಿಕ್ ಅದು, ಒಳಗೆ ಹೋಗಲ್ಲ. ಈವತ್ತು ಸಾಯಂಕಾಲ ಹಂದಿ ಬಂದ್ರೆ ಒಂದು ಹೊಡೆದು ನೋಡಿದ್ರೆ ಗೊತ್ತಾಗ್ತದೆ.”

“ಏನುಂಗ, ಸುಮ್ಮಾ ಹೊಡೆದು ನೋಡೋಕೆ ಅದೇನು ದೀಪಾವಳಿ ವೆಡಿನಾ?”

“ಹೊಡೆದ್ರೆ ಹೊಡೀತದೆ, ಇಲ್ದಿದ್ರೆ ಪುಸ್ ಅಂತದೆ. ಅದಕ್ಯಾಕೆ ಇಷ್ಟು ಬಯ?”

ಅಷ್ಟರಲ್ಲಿ ಗೋಮತಿಯ ಅಣ್ಣ ದಂಡಪಾಣಿ ಎದ್ದು ಬಂದ. ಕರುಮತ್ತಂಪಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡಿರುವವನು. ಮಗ್ಗಗಳಿಗೆ ಪೂಜೆ ಮಾಡಿ ಬೀಗ ಹಾಕಿ, ತಂಗಿಯ ಮನೆಗೆ ಹಬ್ಬದೂಟಕ್ಕೆ ಬಂದಿದ್ದ. ವಿಷಯ ಕೇಳಿದ ಕೂಡಲೇ ಅವನಿಗೆ ಉತ್ಸಾಹ ಬಂತು.

“ಇದೊಂದು ದೊಡ್ಡ ವಿಷಯಾನಾ ಅಮ್ಮಣಿ? ಐಪ್ಪಸಿ ತಿಂಗಳ ಮಳೇಲಿ ನಮ್ಮ ತಾರು ನೆಂದ್ರೆ ಏನು ಮಾಡ್ತೀವಿ? ಬಲ್ಬು ಪೆಟ್ಟಿಗೆ ಹಾಕ್ತೀವಿ. ನಿಮ್ಮ ಕೋಳಿಮರಿಗೆ ಕಾವು ಕೊಡೋ ಪೆಟ್ಟಿ ಇದ್ಯಲ್ಲ, ಅದ್ರಲ್ಲಿ ಇಡು. ಮದ್ಯಾನ್ನಕ್ಕೆಲ್ಲ ಕರೆಕ್ಟಾ ಒಣಗ್ತದೆ.”

ತಾರು ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿ. ಗೋಮತಿ ಹುಟ್ಟಿ ಬೆಳೆದದ್ದು ಅದೇ ಮಗ್ಗದ ಮನೆಯಲ್ಲಿ. ಮಳೆಗಾಲದಲ್ಲಿ ತೇವ ಹಿಡಿದ ತಾರುಗಳನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸಿ, ಮೇಲೊಂದು ದೊಡ್ಡ ಬಲ್ಬು ಉರಿಸಿ ಒಣಗಿಸುವುದು ಅವಳ ಕೈಗೇ ಬಂದ ಕೆಲಸ. ಅಣ್ಣ ಹೇಳಿದ್ದು ಅವಳಿಗೆ ಸರಿ ಎನಿಸಿತು. ಒದ್ದೆಯಾದದ್ದಕ್ಕೆ ಕಾವು ಕೊಡಬೇಕು, ಅದರಲ್ಲಿ ತಪ್ಪೇನಿದೆ? ಆದರೆ ನೂಲಿನೊಳಗೆ ಮದ್ದು ಇರುವುದಿಲ್ಲವಲ್ಲ.

ಅವಳು ಹೀಗೆ ಯೋಚಿಸುತ್ತಿರುವಾಗಲೇ ದಂಡಪಾಣಿ ತೋಟೆಗಳನ್ನು ಕೋಳಿಮರಿ ಪೆಟ್ಟಿಗೆಯಲ್ಲಿಟ್ಟು ಬಲ್ಬು ಹಾಕಿಯೇಬಿಟ್ಟ. ಗೋಮತಿ ಓಡಿಹೋಗಿ ಸ್ವಿಚ್ ಆರಿಸಿ ತೋಟೆಗಳನ್ನು ಹೊರಗೆ ತೆಗೆದಳು. ಅವಳು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಜ್ಜಿ ಅವನ್ನು ಮೊರಕ್ಕೆ ಸುರಿದು, ಕೆಂಪು ಮೆಣಸಿನಕಾಯಿಯ ಪಕ್ಕದಲ್ಲಿ ತಾರಸಿಯ ಬಿಸಿಲಿಗೆ ಇಟ್ಟಿದ್ದಳು. ಗೋಮತಿ ಮೊರವನ್ನು ಕೆಳಗೆ ತಂದಳು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ ಬಗ್ಗಿ, ಹಾಳಾದದ್ದನ್ನು ಮನೆಯಲ್ಲಿ ಯಾಕೆ ಇಟ್ಟುಕೊಳ್ಳುತ್ತೀರಿ, ಬಾವಿಗೆ ಎಸೆಯಿರಿ ಎಂದಳು. ಬಾವಿ ನೀರು ಕುಡಿಯುವುದಲ್ಲವೇ ಎಂದು ಅಜ್ಜಿ ಅವಳ ಮೇಲೆ ಹರಿಹಾಯ್ದಳು. ಹಾಗಾದರೆ ಕಸದ ಜೊತೆ ಸುಟ್ಟುಬಿಡೋಣ ಎಂದ ದಂಡಪಾಣಿ. ಹೀಗೆ ಒಬ್ಬೊಬ್ಬರದು ಒಂದೊಂದು ಮಾತು, ಒಬ್ಬರಿಗೂ ಗೊತ್ತಿಲ್ಲ, ಒಬ್ಬರೂ ಬಾಯಿ ಮುಚ್ಚುವುದಿಲ್ಲ.

ಗೋಮತಿಗೆ ತಲೆ ಗಿರ್ರೆಂದಿತು. ಮೊರ ಹಿಡಿದುಕೊಂಡು ನಡುಮನೆಯಲ್ಲಿ ನಿಂತಳು. ಎಲ್ಲಿ ಇಡಬೇಕೋ ತಿಳಿಯದು, ಕೈಯಲ್ಲೇ ಹಿಡಿದಿರಲೂ ಭಯ. ಒಣಗಿಸಿದರೆ ಒಳ್ಳೆಯದೋ ಕೆಟ್ಟದ್ದೋ? ಎಸೆಯುವುದು ಸರಿಯೋ ತಪ್ಪೋ? ಕೊನೆಗೆ ಮೊರವನ್ನು ಕಬ್ಬಿಣದ ಬೀರುವಿನ ಪಕ್ಕ ನೆಲಕ್ಕೆ ಇಟ್ಟು, ಭಾವನ ಮಗಳು ಕೃತ್ತಿಕಾಳಿಗೆ ಫೋನ್ ಮಾಡಿದಳು. ಕೃತ್ತಿಕಾ ಕೋಯಮತ್ತೂರಿನ ಪೊಲೀಸ್ ಆಯುಧಾಗಾರದಲ್ಲಿ ಕೆಲಸ ಮಾಡುವ ಹುಡುಗಿ. ಕೋವಿ ಎಣ್ಣೆ ಹಾಕಿ ಒರೆಸುವುದು, ಗುಂಡು ಕಾಯುವುದು ಅವಳ ದಿನದ ಕೆಲಸ.

“ಚಿಕ್ಕಮ್ಮಾ, ಒಣಗಿಸ್ಬೇಡಿ. ಹೊಡೀಬೇಡಿ. ಎಸೀಬೇಡಿ. ಒಲೆ ಹತ್ರ ಬೇಡ, ಬಿಸಿಲಲ್ಲಿ ಬೇಡ. ಸುಮ್ನೆ ಒಂದು ಕಡೆ ಇಡಿ, ಯಾರೂ ಮುಟ್ಬಾರ್ದು. ಡ್ಯೂಟಿ ಮುಗಿಸಿ ನಾನೇ ಬರ್ತೀನಿ.”

“ಅಷ್ಟೆಲ್ಲಾ ಬೇಡ ಅಂದ್ರೆ, ಇನ್ನೇನು ಮಾಡೋದು ಕಣ್ಣು?”

“ಏನೂ ಮಾಡ್ಬೇಡಿ. ಅದೇ ಮಾಡ್ಬೇಕಾದ್ದು.”

ಏನೂ ಮಾಡದೆ ಇರುವುದು ಆ ಮನೆಯವರಿಗೆ ಒಗ್ಗಿದ ವಿದ್ಯೆಯಲ್ಲ. ಗೋಮತಿ ಫೋನ್ ಇಟ್ಟು ಎಲ್ಲರಿಗೂ ಹೇಳಿದಳು. ಅಜ್ಜಿ ಮುಖ ಚಿಕ್ಕದು ಮಾಡಿಕೊಂಡಳು, ದಂಡಪಾಣಿ ಮೂಗು ಮುರಿದ. ಕರುಪ್ಪಸಾಮಿ ಏನೂ ಹೇಳಲಿಲ್ಲ. ಅವನು ಸುಮ್ಮನಿದ್ದನೆಂದರೆ ಒಪ್ಪಿದನೆಂದಲ್ಲ, ತನಗೆ ತೋಚಿದ್ದನ್ನು ಮಾಡುತ್ತಾನೆಂದು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದು ಗೊತ್ತಿರಬೇಕಿತ್ತು. ಆದರೆ ಅಡುಗೆ, ದನ, ಅಣ್ಣನ ಉಪಚಾರದ ನಡುವೆ ಮರೆತಳು.

ಹೊತ್ತು ಇಳಿಯುವಾಗ ಮೇಲಿನ ಹೊಲದ ಕಡೆಯಿಂದ ಜೋಳದ ದಂಟು ಮುರಿಯುವ ಸದ್ದು ಕೇಳಿಸಿತು. ಹಂದಿ. ಗೋಮತಿ ತಟ್ಟನೆ ಬೀರುವಿನ ಹತ್ತಿರ ಹೋದಳು. ಒಳಗೆ ಕೋವಿ ಇರಲಿಲ್ಲ. ಮೊರದಲ್ಲಿ ತೋಟೆಗಳು ಕಡಿಮೆಯಾಗಿದ್ದವು.

ಸೆರಗು ಸಿಕ್ಕಿಸಿಕೊಂಡು ಅವಳು ಬದುವಿನ ಮೇಲೆ ಓಡಿದಳು. ಹಿಂದಿನಿಂದ ಸ್ಕೂಟರಿನ ಸದ್ದು. ಕೃತ್ತಿಕಾ ಬಂದವಳೇ ಗಾಡಿಯನ್ನು ದಾರಿಯಲ್ಲೇ ಬಿಟ್ಟು ಅವಳ ಹಿಂದೆ ಓಡಿಬಂದಳು. ಹೊಲದ ಅಂಚಿನಲ್ಲಿ ಕರುಪ್ಪಸಾಮಿ ಕೋವಿಯನ್ನು ಬೆಟ್ಟದ ಕಡೆ, ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದ.

ಕೋವಿಯ ಕುದುರೆ ಎಳೆದ.

ಪುಸ್.

ಧಡಾರ್ ಎನ್ನಬೇಕಾದದ್ದು ಒದ್ದೆ ಪಟಾಕಿಯ ಹಾಗೆ ಕೆಮ್ಮಿತು. ನಳಿಗೆಯ ಬಾಯಿಂದ ಒಂದು ಎಳೆ ಹೊಗೆ ಬಂತು, ಅಷ್ಟೇ. ಹಂದಿಗಳು ತಲೆಯೂ ಎತ್ತಲಿಲ್ಲ.

“ನಾನ್ ಹೇಳ್ಲಿಲ್ವಾ ಗೋಮು, ಪುಸ್ ಅಂತದೆ ಅಂತ,” ಎಂದು ಕರುಪ್ಪಸಾಮಿ ನಕ್ಕು, ಕೋವಿಯನ್ನು ನಳಿಗೆಯ ಬುಡದಲ್ಲಿ ಮಡಚಿ ಸುಟ್ಟ ಕೊಳವೆ ಎಸೆದು, ಜೇಬಿನಿಂದ ಇನ್ನೊಂದು ತೋಟೆ ತೆಗೆದು ತುಂಬಿದ. “ಇದು ನೋಡು, ಎಷ್ಟು ಚೆನ್ನಾಗಿ ಹೊಳೀತದೆ. ಇದು ಒಳ್ಳೇದೇ ಇರ್ತದೆ.”

ಕೋವಿ ಮತ್ತೆ ಕೆನ್ನೆಗೆ ಹೋಯಿತು.

“ಚಿಕ್ಕಪ್ಪಾ! ಬೆರಳು ತೆಗಿ!”

ಅದು ಮನೆಯ ಹುಡುಗಿಯ ದನಿಯಲ್ಲ. ಪೆರೇಡ್ ಮೈದಾನದ ದನಿ. ಕರುಪ್ಪಸಾಮಿಯ ಬೆರಳು ತಾನಾಗಿಯೇ ಹೊರಗೆ ಬಂತು.

“ನಳಿಗೆ ಬಾಯಿ ಬೆಟ್ಟದ ಕಡೆಗೇ ಇರಲಿ. ನಮ್ಮ ಕಡೆ ತಿರುಗ್ಬೇಡಿ. ಮೆಲ್ಲಗೆ ಮಡಚಿ, ತೋಟೆ ಹೊರಗೆ ತೆಗೀರಿ. ಹಾಂ. ಈಗ ತುಪ್ಪಾಕಿ ಹೀಗೇ ಬಿಚ್ಚಿಟ್ಕೊಂಡು ಮನೆಗೆ ನಡೀರಿ.”

“ಹಂದಿ ಮೇಯ್ತಾ ಇದೆಯಲ್ಲಮ್ಮ!”

“ಮೇಯಲಿ ಚಿಕ್ಕಪ್ಪಾ.”

ಗೋಮತಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ಹಾರದ ತೋಟೆಯಿಂದ ಏನು ಅಪಾಯ? ಅದು ಸತ್ತುಹೋದದ್ದಲ್ಲವೇ? ಕೃತ್ತಿಕಾಳ ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ? ಅವಳು ಅವರ ಹಿಂದೆ ನಡೆದಳು.

ಅಂಗಳದಲ್ಲಿ ಕೃತ್ತಿಕಾ ಮೊದಲು ಕೋವಿಯೊಳಗೆ ತೋಟೆ ಇಲ್ಲವೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಂಡಳು. ಆಮೇಲೆ ನಳಿಗೆ ಶುಚಿ ಮಾಡುವ ಮರದ ಕೋಲು ಕೇಳಿದಳು. ಅಜ್ಜಿ ತಂದುಕೊಟ್ಟಳು. ಅದನ್ನೂ ಅಜ್ಜಿ ಹಬ್ಬಕ್ಕೆ ತೊಳೆದಿದ್ದಳು, ಹೇಳಬೇಕಾಗಿಲ್ಲ. ಕೃತ್ತಿಕಾ ನಳಿಗೆಯ ಬಾಯಿಂದ ಕೋಲನ್ನು ಮೆಲ್ಲಗೆ ಇಳಿಬಿಟ್ಟಳು. ಈ ತುದಿಯಿಂದ ಹೋದದ್ದು ಆ ತುದಿಯಲ್ಲಿ ಬರಬೇಕು. ಕೋಲು ದಾರಿಯಲ್ಲೇ ತಟ್ ಎಂದು ನಿಂತಿತು.

“ಏನದು?” ಅಂದ ಕರುಪ್ಪಸಾಮಿ.

“ನೀವು ಹೊಡೆದ ತೋಟೆಯ ಬೂಚು. ಮದ್ದು ಒದ್ದೆಯಾಗಿತ್ತು, ಅರ್ಧಂಬರ್ಧ ಉರೀತು. ಆಚೆಗೆ ತಳ್ಳೋಕೆ ಶಕ್ತಿ ಸಾಲಲಿಲ್ಲ, ನಳಿಗೆ ಮಧ್ಯ ಕೂತ್ಬಿಟ್ಟಿದೆ. ಅದರ ಹಿಂದೆ ಒಂದು ಒಳ್ಳೇ ತೋಟೆ ಹೊಡೆದಿದ್ರೆ ಅದು ಎಲ್ಲಿಗೆ ಹೋಗ್ಬೇಕು? ದಾರಿ ಮುಚ್ಚಿದೆ. ನಳಿಗೇನೇ ಸೀಳ್ಕೊಂಡು ಬರ್ತದೆ.”

ಅವಳು ಕೋಲು ನಿಂತ ಜಾಗವನ್ನು ನಳಿಗೆಯ ಬಾಯಿಯ ಹತ್ತಿರ ಬೆರಳಿನಿಂದ ಗುರುತು ಹಿಡಿದು ಹೊರಗೆ ಎಳೆದಳು. ಅದೇ ಅಳತೆಗೆ ಕೋಲನ್ನು ನಳಿಗೆಯ ಹೊರಮೈಗೆ ಆನಿಸಿ ಇಟ್ಟಳು.

“ಚಿಕ್ಕಪ್ಪಾ, ಹೊಡೆಯೋವಾಗ ಹೆಂಗೆ ಹಿಡೀತೀರಿ, ಎಡಗೈ ಇಟ್ಟು ತೋರಿಸಿ.”

ಕರುಪ್ಪಸಾಮಿ ಕೈ ಚಾಚಿದ. ಅವನ ಎಡಗೈ ಕೂತದ್ದು ಸರಿಯಾಗಿ ಕೋಲಿನ ತುದಿಯ ಮೇಲೆ.

ಗೋಮತಿ ಆ ಕೈಯನ್ನು ನೋಡಿದಳು. ಬೆಳಿಗ್ಗೆ ಕಾಫಿ ಲೋಟ ಹಿಡಿದಿದ್ದ ಕೈ, ಎಮ್ಮೆಯ ಹಣೆ ಸವರುವ ಕೈ, ಹಬ್ಬದ ದಿನ ತನ್ನ ಹಣೆಗೆ ಕುಂಕುಮ ಇಟ್ಟ ಕೈ. ಅವಳಿಗೆ ಅಳು ಒತ್ತರಿಸಿ ಬಂತು. ಅತ್ತೆಯ ಮುಂದೆ, ಅಣ್ಣನ ಮುಂದೆ ಎನ್ನುವುದನ್ನೂ ಮರೆತು ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ದಂಡಪಾಣಿ ಮೊರದ ಕಡೆ ನೋಡಿದ. ಅವನಿಗಿನ್ನೂ ಬಲ್ಬು ಪೆಟ್ಟಿಗೆಯ ಮೇಲಿನ ಆಸೆ ಪೂರ್ತಿ ಹೋಗಿರಲಿಲ್ಲ.

“ಅದೂ ಸರಿ. ಆದ್ರೆ ಉಳಿದದ್ದನ್ನ ಚೆನ್ನಾಗಿ ಒಣಗಿಸಿದ್ರೆ ಆಗುತ್ತಲ್ವಾ?”

ಕೃತ್ತಿಕಾ ಬಾಯಿ ತೆರೆಯುವ ಮೊದಲೇ ಗೋಮತಿ ತಿರುಗಿದಳು. ಬೆಳಿಗ್ಗೆಯಿಂದ ಕದಡಿದ್ದ ತಲೆಯಲ್ಲಿ ಏನೋ ತಿಳಿಯಾಗಿತ್ತು.

“ಅಣ್ಣಾ, ಗಂಜಿ ಹಾಕಿದ ಹಾಸುನೂಲಿನ ಪಾವು ಮಳೇಲಿ ನೆಂದ್ರೆ ಏನಾಗ್ತದೆ? ಒಣಗಿದ ಮೇಲೆ ನೋಡೋಕೆ ಮೊದಲಿನ ಹಾಗೇ ಇರ್ತದೆ. ಮಗ್ಗಕ್ಕೆ ಏರ್ಸಿದ್ರೆ?”

“ಎಳೆ ಎಳೆ ಕಡೀತದೆ,” ಎಂದ ದಂಡಪಾಣಿ, ಸೋತ ದನಿಯಲ್ಲಿ.

“ಅಲ್ಲಿ ನೂಲು ಕಡೀತದೆ, ಗಂಟು ಹಾಕ್ಬೋದು. ಇಲ್ಲಿ ಕೈ ಹೋದ್ರೆ ಗಂಟು ಹಾಕೋಕಾಗ್ತದಾ?”

ಅಣ್ಣ ತಲೆ ತಗ್ಗಿಸಿದ. ಕೃತ್ತಿಕಾ ನಕ್ಕಳು. “ಚಿಕ್ಕಮ್ಮ ಹೇಳಿದ್ದೇ ಸರಿ. ಒಮ್ಮೆ ಒಳಗೆ ತೇವ ಹೋದ ಮದ್ದು ಮೊದಲಿನ ಹಾಗೆ ಉರಿಯುತ್ತೆ ಅಂತ ಯಾರೂ ನಂಬೋಕಾಗಲ್ಲ. ಇನ್ನು ಬಲ್ಬು, ಒಲೆ, ಬಿಸಿಲು ಅಂತ ಕಾವು ಕೊಟ್ರೆ ಮನೇಲೇ ಸಿಡಿಯೋ ಅಪಾಯ.”

“ನೆನೀದೇ ಇರೋದೂ ಇದ್ಯಲ್ಲಮ್ಮ ಅದ್ರಲ್ಲಿ,” ಎಂದಳು ಅಜ್ಜಿ ಮೆಲ್ಲಗೆ. “ಅವನ್ನಾದ್ರೂ ಆರಿಸ್ಬೋದಲ್ವಾ?”

“ಯಾವುದು ಅಂತ ಹೇಳಿ ಅಜ್ಜಿ, ಆರಿಸೋಣ.”

ಅಜ್ಜಿ ಮೊರ ನೋಡಿದಳು. ಒಂದನ್ನು ಎತ್ತಿದಳು, ಇಟ್ಟಳು. ಇನ್ನೊಂದನ್ನು ಎತ್ತಿದಳು. ಎಲ್ಲದರಲ್ಲೂ ತನ್ನ ಮುಖವೇ ಕಾಣುತ್ತಿತ್ತು. “ನಂಗೆ ಗೊತ್ತಾಗ್ತಾ ಇಲ್ಲ,” ಎಂದಳು.

“ನಂಗೂ ಗೊತ್ತಾಗಲ್ಲ. ನಮ್ಮ ಆಯುಧಾಗಾರದಲ್ಲಿ ಯಾರಿಗೂ ಗೊತ್ತಾಗಲ್ಲ. ಅದಕ್ಕೇ, ಬೆರೆತುಹೋದ ಮೇಲೆ ಎಲ್ಲಾನೂ ನೆನೆದದ್ದು ಅಂತಲೇ ಲೆಕ್ಕ.”

“ಹಂಗಾದ್ರೆ ಇವನ್ನ ನೀನೇ ತಗೊಂಡು ಹೋಗ್ಬಿಡು ಕಣ್ಣು. ನೀನು ಪೊಲೀಸ್ ತಾನೇ?” ಎಂದಳು ಗೋಮತಿ.

“ಪೊಲೀಸ್ ಆದ್ರೂ ಬೇರೆಯವರ ತೋಟೆ ನನ್ನ ಬ್ಯಾಗಲ್ಲಿ ಹಾಕ್ಕೊಂಡು ಹೋಗೋಕಾಗಲ್ಲ ಚಿಕ್ಕಮ್ಮಾ. ಲೈಸೆನ್ಸ್ ಚಿಕ್ಕಪ್ಪನ ಹೆಸರಲ್ಲಿದೆ. ಈಗಲೇ ಸ್ಟೇಷನ್‌ಗೆ ಫೋನ್ ಮಾಡಿ ವಿಷಯ ಹೇಳ್ಲಿ. ಅವರು ಹೇಳಿದ ಹಾಗೆ ಅವರ ಹತ್ರಾನೋ, ಲೈಸೆನ್ಸ್ ಇರೋ ತುಪ್ಪಾಕಿ ಅಂಗಡೀಲೋ ಚಿಕ್ಕಪ್ಪನೇ ಒಪ್ಪಿಸ್ಬೇಕು. ಅಲ್ಲೀವರೆಗೆ ಒಣ ಡಬ್ಬಿ, ಬೀಗ, ಮೇಲೆ ‘ನೆನೆದದ್ದು’ ಅಂತ ಚೀಟಿ. ನಳಿಗೆಯೊಳಗಿನ ಬೂಚನ್ನ ನಾವು ತಳ್ಳೋದು ಬೇಡ, ರಿಪೇರಿ ಬಲ್ಲವರು ತೆಗೆದು, ನಳಿಗೆ ಪರೀಕ್ಷೆ ಮಾಡಿಕೊಡಲಿ.”

ಕರುಪ್ಪಸಾಮಿ ಕೇಳಿದ: “ಪುಸ್ ಅನ್ನದೆ, ಬರೀ ಟಿಕ್ ಅಂತ ಸುಮ್ಮನಾಗಿದ್ರೆ?”

“ಅದು ಇನ್ನೂ ಮೋಸ. ಒಳಗೆ ಕಿಡಿ ಮೆಲ್ಲಗೆ ಹಿಡೀತಾ ಇರ್ಬೋದು, ಸ್ವಲ್ಪ ಹೊತ್ತಾದ ಮೇಲೆ ಢಂ ಅಂತದೆ. ಟಿಕ್ ಅಂದ ತಕ್ಷಣ ಬಿಚ್ಚಿ ನೋಡೋಕೆ ಹೋಗ್ಬಾರ್ದು. ಬಾಯನ್ನ ಯಾರೂ ಇಲ್ಲದ ಕಡೆ ಹಿಡ್ಕೊಂಡು ಹಾಗೇ ಕಾಯ್ಬೇಕು. ಒಂದೆರಡು ನಿಮಿಷ ಕಾದ್ರೂ ನಷ್ಟ ಇಲ್ಲ. ಸದ್ದು ಎಂದಿನಂತೆ ಬರ್ಲಿಲ್ಲ ಅಂದ್ರೆ ಅವತ್ತಿಗೆ ಆ ತುಪ್ಪಾಕಿಗೆ ರಜ.”

ಕರುಪ್ಪಸಾಮಿ ಎದ್ದು ಹೋಗಿ ಬೀರುವಿನಿಂದ ಲೈಸೆನ್ಸ್ ತೆಗೆದ. ಜೇಬಿನಲ್ಲಿ ಉಳಿದಿದ್ದ ತೋಟೆಗಳನ್ನೂ ಒಂದೊಂದಾಗಿ ಡಬ್ಬಿಗೆ ಇಟ್ಟ. ಹೆಂಡತಿಯ ಮುಖ ನೋಡದೆ, “ಬೆಳಿಗ್ಗೆ ನಿನ್ನ ಮಾತು ಕೇಳ್ಬೇಕಾಗಿತ್ತು ಗೋಮು,” ಎಂದ. ಅಷ್ಟು ಹೇಳುವುದೇ ಅವನಿಗೆ ದೊಡ್ಡ ಕೆಲಸ. ಗೋಮತಿಗೆ ಅದು ಸಾಕಾಯಿತು.

ಅಷ್ಟರಲ್ಲಿ ಮೇಲಿನ ಹೊಲದಿಂದ ಮತ್ತೆ ದಂಟು ಮುರಿಯುವ ಸದ್ದು. ಮಾತಿನ ಭರದಲ್ಲಿ ಹಂದಿಗಳನ್ನು ಎಲ್ಲರೂ ಮರೆತಿದ್ದರು. ಸುಬ್ಬಾತಾಳ್ ಅಜ್ಜಿ ಒಳಗೆ ಹೋಗಿ ಪೂಜೆಯ ದೊಡ್ಡ ಹಿತ್ತಾಳೆ ತಟ್ಟೆ ಮತ್ತು ಸೌಟು ಹಿಡಿದು ಬಂದಳು. ಬದುವಿನ ಮೇಲೆ ನಿಂತು ಅವಳು ಬಾರಿಸಿದ ಏಟಿಗೆ, ಜೊತೆಗೆ ದಂಡಪಾಣಿ ಹಾಕಿದ ಕೂಗಿಗೆ, ಹಂದಿಗಳು ಬಾಲ ಎತ್ತಿಕೊಂಡು ಬೆಟ್ಟ ಹತ್ತಿದವು. ತಟ್ಟೆ ಒಂದು ಕಡೆ ಜಜ್ಜಿಹೋಯಿತು. ಅಜ್ಜಿ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ.

ಮರುದಿನ ಕರುಪ್ಪಸಾಮಿ ಸ್ಟೇಷನ್ನಿನವರು ಹೇಳಿದಂತೆ ತೋಟೆಗಳನ್ನು ಒಪ್ಪಿಸಿ, ಕೋವಿಯನ್ನು ರಿಪೇರಿಗೆ ಕೊಟ್ಟು ಬಂದ. ಈಗ ಹೊಸ ತೋಟೆಗಳು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬೀಗದೊಳಗೆ, ಅಡುಗೆಮನೆಯಿಂದಲೂ ಬಚ್ಚಲಿನಿಂದಲೂ ದೂರ ಇವೆ. ಅವುಗಳಿಗೂ ಪೂಜೆ ಉಂಟು, ಆದರೆ ಡಬ್ಬಿಯ ಮುಚ್ಚಳಕ್ಕೆ ಮಾತ್ರ ಕುಂಕುಮ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಕಾವಲಿನ ಕೋವಿ ಇದ್ದೀತು. ಮಳೆಗೆ ಸೋರಿದ ಮಾಡು, ಬೆವರಿಗೆ ನೆನೆದ ಜೇಬು, ಹಬ್ಬದ ತೊಳೆಯುವಿಕೆ, ಯಾವುದರಿಂದಲಾದರೂ ತೋಟೆಗೆ ನೀರು ತಾಕಿತೆಂದು ಅನುಮಾನ ಬಂದರೆ ಅನುಮಾನವೇ ಸಾಕು. ಒಣಗಿಸಬೇಡಿ, ಬಿಚ್ಚಬೇಡಿ, ಸುಡಬೇಡಿ, ಹೂಳಬೇಡಿ, ಬಾವಿಗೂ ಕಸಕ್ಕೂ ಹಾಕಬೇಡಿ, ಹೊಡೆದು ನೋಡುವುದಂತೂ ಬೇಡವೇ ಬೇಡ. ಬೇರೆ ಡಬ್ಬಿಯಲ್ಲಿಟ್ಟು ಸ್ಟೇಷನ್ನಿಗೆ ತಿಳಿಸಿ. ನಮ್ಮ ಕೋಯಮತ್ತೂರಿನ ಕಡೆ ಮನೆಯಲ್ಲಿ ಕನ್ನಡ ಆಡುವವರು ಬಹಳ, ಓದಬಲ್ಲವರು ಕಡಿಮೆ. ಓದಬಲ್ಲ ನೀವು ಇದನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಿ.

ನಂಬಿಕೆ ಬಾರದಿದ್ದರೆ ಸುಬ್ಬಾತಾಳ್ ಅಜ್ಜಿಯ ಮನೆಗೆ ಬನ್ನಿ. ನಳಿಗೆಯೊಳಗೆ ಇಳಿಬಿಟ್ಟ ಆ ಮರದ ಕೋಲು ಬಾಗಿಲ ಮೂಲೆಯಲ್ಲಿ ನಿಂತಿದೆ. ಅದು ಎಲ್ಲಿಯವರೆಗೆ ಇಳಿದು ನಿಂತಿತೋ ಅಲ್ಲಿಗೆ ಅಜ್ಜಿ ಒಂದು ಕುಂಕುಮದ ಬೊಟ್ಟು ಇಟ್ಟಿದ್ದಾಳೆ. ಬಂದವರಿಗೆಲ್ಲ ಅದನ್ನು ತೋರಿಸಿ, ಪಕ್ಕದಲ್ಲಿ ನಿಂತ ಮಗನ ಎಡಗೈ ಎತ್ತಿ ಹಿಡಿದು, “ನೋಡಿ, ಇದು ಉಳಿದದ್ದು,” ಎನ್ನುತ್ತಾಳೆ.